ಇಂಜಿನಿಯರಿಂಗ್ ಸೀಟು ಕೈಗೆ ಬಂತು, ಗಣಿತದ ಹಳೆ ಬಾಕಿ ತೀರಿಸುವುದು ಯಾವಾಗ?

2025ರ ಜುಲೈ ತಿಂಗಳ ಮೊದಲಾರ್ಧದಲ್ಲಿ ಕೇರಳದಲ್ಲಿ ಪ್ಲಸ್ ಟು ಮುಗಿಸಿದ ಮಕ್ಕಳಿರುವ ಮನೆಗಳಲ್ಲಿ ಬೇರೆ ಮಾತೇ ಇರಲಿಲ್ಲ. ಜುಲೈ 1ಕ್ಕೆ ಕೀಮ್ ಇಂಜಿನಿಯರಿಂಗ್ ರ‍್ಯಾಂಕ್ ಪಟ್ಟಿ ಬಂತು. 9ಕ್ಕೆ ಹೈಕೋರ್ಟಿನ ಏಕಸದಸ್ಯ ಪೀಠ ಅದನ್ನು ರದ್ದು ಮಾಡಿತು. ಮರುದಿನ ವಿಭಾಗೀಯ ಪೀಠ ಸರಕಾರದ ಮೇಲ್ಮನವಿಯನ್ನು ತಳ್ಳಿಹಾಕಿತು, ಅದೇ ದಿನ ಹಳೆಯ ಸೂತ್ರದ ಪ್ರಕಾರ ಇನ್ನೊಂದು ಪಟ್ಟಿ ಹೊರಬಿತ್ತು. ಮೊದಲ ಪಟ್ಟಿಯಲ್ಲಿ ಮೇಲಿದ್ದ ರಾಜ್ಯ ಸಿಲೆಬಸ್ಸಿನ ಎಷ್ಟೋ ಮಕ್ಕಳು ಎರಡನೆಯದರಲ್ಲಿ ಕೆಳಗೆ ಹೋದರು. 16ಕ್ಕೆ ಸುಪ್ರೀಂ ಕೋರ್ಟ್ ಕೂಡಾ ತಡೆ ಕೊಡಲಿಲ್ಲ. ಅಲ್ಲಿಗೆ ಆ ವರ್ಷದ ಗಲಾಟೆ ಮುಗಿಯಿತು.

ಗಲಾಟೆಯ ಮೂಲದಲ್ಲಿ ಇದ್ದದ್ದು ಗಣಿತ. ಕೀಮ್ ಪರೀಕ್ಷೆಯಲ್ಲಿ ಮೂರು ಗಂಟೆಗೆ 150 ಪ್ರಶ್ನೆ: 75 ಗಣಿತ, 45 ಭೌತಶಾಸ್ತ್ರ, 30 ರಸಾಯನಶಾಸ್ತ್ರ. ಅಂದರೆ 5:3:2. ಇದರ ಜೊತೆ ಪ್ಲಸ್ ಟು ಅಂಕವನ್ನೂ ಸಮಪಾಲಿನಲ್ಲಿ ಸೇರಿಸುತ್ತಾರೆ. ಅಲ್ಲಿ ಮೊದಲು ಮೂರೂ ವಿಷಯಕ್ಕೆ ಒಂದೇ ತೂಕ ಇತ್ತು. ಸರಕಾರ ಅದನ್ನೂ 5:3:2 ಮಾಡಿ, ಬೇರೆ ಬೇರೆ ಬೋರ್ಡುಗಳ ಅಂಕ ಹೋಲಿಸುವ ಕ್ರಮವನ್ನೂ ಬದಲಿಸಿತು. ಪರೀಕ್ಷೆ ಮುಗಿದ ಮೇಲೆ, ಪಟ್ಟಿ ಹೊರಡುವ ಹೊತ್ತಿಗೆ ಹೀಗೆ ನಿಯಮ ಬದಲಿಸುವುದು ಸರಿಯಲ್ಲ ಎಂಬುದು ಕೋರ್ಟಿನ ಆಕ್ಷೇಪ. ಗಣಿತಕ್ಕೆ ಹೆಚ್ಚು ತೂಕ ಕೊಟ್ಟದ್ದು ತಪ್ಪು ಎಂದಲ್ಲ. ಈ ವ್ಯತ್ಯಾಸ ಗಲಾಟೆಯಲ್ಲಿ ಕಳೆದುಹೋಯಿತು.

ರ‍್ಯಾಂಕ್ ಹಿಂದೆ ಮುಂದೆ ಆದದ್ದರ ಬಗ್ಗೆ ಚಾನೆಲ್‌ಗಳಲ್ಲಿ ವಾರಗಟ್ಟಲೆ ಚರ್ಚೆಯಾಯಿತು. ಸೀಟು ಸಿಕ್ಕಿದವರಲ್ಲಿ ಎಷ್ಟು ಮಂದಿ ಮೊದಲ ಸೆಮಿಸ್ಟರ್ ಗಣಿತವನ್ನು ದಾಟುತ್ತಾರೆ ಎಂದು ಕೇಳಿದವರು ಕಡಿಮೆ. ಕೇರಳದ ಎಪಿಜೆ ಅಬ್ದುಲ್ ಕಲಾಂ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ, ಅಂದರೆ ಕೆಟಿಯುವಿನಲ್ಲಿ, 2024ರಲ್ಲಿ ನಾಲ್ಕು ವರ್ಷ ಮುಗಿಸಿದ ಬ್ಯಾಚಿನಲ್ಲಿ ಪಾಸಾದವರು ಸುಮಾರು ಶೇ. 53. ಉಳಿದವರು ಯಾವುದಾದರೂ ವಿಷಯ ಬಾಕಿ ಇಟ್ಟುಕೊಂಡೇ ಕಾಲೇಜಿನಿಂದ ಹೊರಬಂದವರು. ಎಲ್ಲ ಬಾಕಿಯೂ ಗಣಿತದ್ದಲ್ಲ, ಸರಿ. ಆದರೆ ಸರ್ಕ್ಯೂಟ್, ಮೆಕ್ಯಾನಿಕ್ಸ್, ಸಿಗ್ನಲ್ಸ್, ಥರ್ಮೋಡೈನಾಮಿಕ್ಸ್ ಯಾವುದನ್ನು ತೆರೆದರೂ ಒಳಗೆ ಕೂತಿರುವುದು ಗಣಿತವೇ.

ಗಡಿನಾಡಿನ ಬ್ಯಾರಿ ಮನೆಗಳಲ್ಲಿ ಇಂಜಿನಿಯರಿಂಗ್ ಎಂದರೆ ಏನು ಲೆಕ್ಕಾಚಾರ ನಡೆಯುತ್ತದೆ ಎಂದು ಮಂಜೇಶ್ವರ, ಉಪ್ಪಳ, ಕುಂಬಳೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಕೀಮ್‌ನಲ್ಲಿ ಒಳ್ಳೆಯ ರ‍್ಯಾಂಕ್ ಬಂದರೆ ಕಣ್ಣೂರಿನ ಸರಕಾರಿ ಕಾಲೇಜು ಅಥವಾ ಪೊವ್ವಲ್‌ನ ಎಲ್‌ಬಿಎಸ್. ಇಲ್ಲದಿದ್ದರೆ ತಲಪಾಡಿ ದಾಟಿ ಮಂಗಳೂರು. ಕೋಣಾಜೆ, ಇನ್ನೋಳಿ, ಅಡ್ಯಾರ್, ವಾಮಂಜೂರು, ಬೆಂಜನಪದವು ಎಂದು ಸುತ್ತಮುತ್ತ ಕಾಲೇಜಿಗೆ ಬರವಿಲ್ಲ. ಕರ್ನಾಟಕದ ಸಿಇಟಿಯಲ್ಲಿ ಗಡಿನಾಡು ಕನ್ನಡಿಗರಿಗೆ ಪ್ರತ್ಯೇಕ ಅರ್ಹತಾ ನಿಯಮ ಉಂಟು, ಅದಕ್ಕೆ ಕನ್ನಡ ಭಾಷಾ ಪರೀಕ್ಷೆಯೂ ಬರೆಯಬೇಕು. ಅದೂ ಆಗದಿದ್ದರೆ ಮ್ಯಾನೇಜ್‌ಮೆಂಟ್ ಸೀಟು. ದುಬೈಯಲ್ಲೋ ರಿಯಾದ್‌ನಲ್ಲೋ ಇರುವ ಬಾಪ ಹಣ ಕಳಿಸುತ್ತಾರೆ, ಉಮ್ಮ ಚಿನ್ನ ಅಡವಿಡುತ್ತಾರೆ, ಮಾವ ಕಾಲೇಜಿನಲ್ಲಿ ಯಾರ ಪರಿಚಯ ಉಂಟು ಎಂದು ವಿಚಾರಿಸುತ್ತಾರೆ. ಸೀಟು ಖಾತ್ರಿಯಾದ ದಿನ ಮನೆಯಲ್ಲಿ ಬಿರಿಯಾನಿ. ಅಲ್ಲಿಂದ ಕ್ಲಾಸ್ ಶುರುವಾಗುವ ದಿನದವರೆಗೆ ಪುಸ್ತಕಕ್ಕೂ ಮಕ್ಕಳಿಗೂ ಸಂಬಂಧ ಇರುವುದಿಲ್ಲ.

ಆ ನಡುವಿನ ಸಮಯ ಎಷ್ಟು? 2025ರಲ್ಲಿ ಸಿಇಟಿ ಏಪ್ರಿಲ್ ಮಧ್ಯದಲ್ಲಿ, ಕೀಮ್ ಏಪ್ರಿಲ್ ಕೊನೆಯಲ್ಲಿ ಮುಗಿದಿತ್ತು. ಮೊದಲ ವರ್ಷದ ತರಗತಿ ಸಾಮಾನ್ಯವಾಗಿ ಶುರುವಾಗುವುದು ಆಗಸ್ಟ್-ಸೆಪ್ಟೆಂಬರ್‌ನಲ್ಲಿ. ಮೇ, ಜೂನ್, ಜುಲೈ ಮೂರು ತಿಂಗಳು ಲೆಕ್ಕ ಹಾಕಿದರೂ 13 ವಾರ. ಎರಡು ವರ್ಷದ ಕೋಚಿಂಗಿಗೆ ಸುರಿದ ಹಣಕ್ಕೆ ಹೋಲಿಸಿದರೆ ಈ 13 ವಾರಕ್ಕೆ ಯಾವ ಮನೆಯೂ ಐದು ಪೈಸೆ ಖರ್ಚು ಮಾಡುವುದಿಲ್ಲ. ಮೊದಲ ಸೆಮಿಸ್ಟರಿನ ಫಲಿತಾಂಶ ಮಾತ್ರ ಬಹುಪಾಲು ಇಲ್ಲೇ ನಿರ್ಧಾರವಾಗುತ್ತದೆ.

"ಎಂಟ್ರೆನ್ಸ್ ಬರೆದು ರ‍್ಯಾಂಕ್ ತೆಗೆದವನಿಗೆ ಗಣಿತ ಬರುವುದಿಲ್ಲವಾ?" ಎಂಬ ಪ್ರಶ್ನೆ ಬರುತ್ತದೆ. ನ್ಯಾಯದ ಪ್ರಶ್ನೆಯೇ. ಕೀಮ್‌ನಲ್ಲಿ ಒಂದು ಪ್ರಶ್ನೆಗೆ ಸಿಗುವ ಸಮಯ 72 ಸೆಕೆಂಡು. ಸಿಇಟಿಯಲ್ಲಿ 60 ಪ್ರಶ್ನೆಗೆ 80 ನಿಮಿಷ, ಅಲ್ಲಿ ತಪ್ಪು ಉತ್ತರಕ್ಕೆ ಅಂಕ ಕಡಿತವೂ ಇಲ್ಲ. ಅಲ್ಲಿ ಕಲಿಸುವುದು ನಾಲ್ಕು ಉತ್ತರಗಳಲ್ಲಿ ಮೂರನ್ನು ಬೇಗ ಹೊಡೆದುಹಾಕುವ ವಿದ್ಯೆ. ಆಯ್ಕೆಗಳಲ್ಲಿ ಒಂದೊಂದನ್ನೇ ಸಮೀಕರಣಕ್ಕೆ ಹಾಕಿ ನೋಡುವುದು, ಎಕ್ಸ್ ಜಾಗಕ್ಕೆ ಸೊನ್ನೆಯೋ ಒಂದೋ ಇಟ್ಟು ಪರೀಕ್ಷಿಸುವುದು, ಸೂತ್ರ ಬಾಯಿಪಾಠ. ಕಾಲೇಜಿನ ಪರೀಕ್ಷೆ ಹಾಗಲ್ಲ. ವಿಟಿಯುವಿನಲ್ಲಿ ಮೂರು ಗಂಟೆಗೆ ಐದು ಪೂರ್ಣ ಪ್ರಶ್ನೆ, ತಲಾ 20 ಅಂಕ. ಆಯ್ಕೆ ಇಲ್ಲ, ಹೆಜ್ಜೆ ಹೆಜ್ಜೆಯಾಗಿ ಬರೆಯಬೇಕು. ನಡುವೆ ಒಂದು ಮೈನಸ್ ಚಿಹ್ನೆ ಜಾರಿದರೆ ಕೊನೆಯವರೆಗೂ ಎಲ್ಲ ತಪ್ಪು. ಆಂತರಿಕ ಅಂಕ ಎಷ್ಟೇ ಇರಲಿ, ಆ ಮೂರು ಗಂಟೆಯ ಪರೀಕ್ಷೆಯಲ್ಲೇ ಕನಿಷ್ಠ ಶೇ. 35 ಬರದಿದ್ದರೆ ಫೇಲ್.

ಇನ್ನು ಪ್ಲಸ್ ಟು ಅಂಕಪಟ್ಟಿ. ಕೇರಳದಲ್ಲಿ ಗಣಿತದ 100 ಅಂಕದಲ್ಲಿ 20 ನಿರಂತರ ಮೌಲ್ಯಮಾಪನದ್ದು, ಅದು ಶಾಲೆಯಲ್ಲೇ ಸಿಗುತ್ತದೆ. ಪ್ರಶ್ನೆಪತ್ರಿಕೆಯಲ್ಲೂ ಬೇಕಾದ್ದನ್ನು ಆರಿಸಿ ಬರೆಯಲು ಅವಕಾಶ ಉಂಟು. ಇಂಟಿಗ್ರೇಶನ್ ಬಿಟ್ಟು, ತ್ರಿಕೋನಮಿತಿ ಬಿಟ್ಟು ಕೂಡಾ ಒಳ್ಳೆಯ ಗ್ರೇಡ್ ತೆಗೆಯಬಹುದು. ಎಐಸಿಟಿಇ ನಿಯಮದಲ್ಲಂತೂ ಇಂಜಿನಿಯರಿಂಗ್‌ಗೆ ಬೇಕಾದದ್ದು ಶೇ. 45, ಮೀಸಲಾತಿ ವರ್ಗಕ್ಕೆ ಶೇ. 40. ಸೀಟಿಗೆ ಅದು ಸಾಕು. ಓದದೇ ಬಿಟ್ಟ ಉಳಿದ ಶೇ. 55 ಎಲ್ಲಿಗೂ ಹೋಗುವುದಿಲ್ಲ, ಮೊದಲ ಸೆಮಿಸ್ಟರಿನಲ್ಲಿ ಎದುರು ಬಂದು ನಿಲ್ಲುತ್ತದೆ. ಹಳೆ ಬಾಕಿಯ ಪುಸ್ತಕ ಬದಿಗಿಟ್ಟು ಹೊಸ ಪುಸ್ತಕ ತೆರೆದ ಮಾತ್ರಕ್ಕೆ ಬಾಕಿ ತೀರಿತು ಎಂದು ಯಾವ ಅಂಗಡಿಯವರೂ ತಿಳಿಯುವುದಿಲ್ಲ.

ಮೊದಲ ಸೆಮಿಸ್ಟರಿನಲ್ಲಿ ಇರುವುದಾದರೂ ಏನು? ಕೆಟಿಯುವಿನ 2019ರ ಪಠ್ಯಕ್ರಮದಲ್ಲಿ ಮೊದಲ ಪತ್ರಿಕೆಯ ಹೆಸರೇ ಲೀನಿಯರ್ ಆಲ್ಜಿಬ್ರಾ ಮತ್ತು ಕ್ಯಾಲ್ಕುಲಸ್. ಮ್ಯಾಟ್ರಿಕ್ಸ್, ಪಾರ್ಶಿಯಲ್ ಡಿಫರೆನ್ಶಿಯೇಶನ್, ಡಬಲ್ ಇಂಟಿಗ್ರಲ್, ಸರಣಿಗಳು. ವಿಟಿಯು 2022ರಿಂದ ಕಂಪ್ಯೂಟರ್, ಎಲೆಕ್ಟ್ರಿಕಲ್, ಮೆಕ್ಯಾನಿಕಲ್, ಸಿವಿಲ್‌ಗೆ ಬೇರೆ ಬೇರೆ ಗಣಿತ ಪತ್ರಿಕೆ ಮಾಡಿದೆ. ಕಂಪ್ಯೂಟರ್‌ನವರಿಗೆ ಪೋಲಾರ್ ಕರ್ವ್, ಟೇಲರ್ ಸರಣಿ, ಜಾಕೋಬಿಯನ್, ಡಿಫರೆನ್ಶಿಯಲ್ ಸಮೀಕರಣ, ಮಾಡ್ಯುಲರ್ ಅಂಕಗಣಿತ, ಮ್ಯಾಟ್ರಿಕ್ಸ್. ಹೆಸರು ಕೇಳಿದರೆ ಹೆದರಿಕೆ ಆಗುತ್ತದೆ. ಬಿಡಿಸಿ ನೋಡಿದರೆ ಹೊಸದು ಸ್ವಲ್ಪವೇ.

ಜಾಕೋಬಿಯನ್ ತೆಗೆದುಕೊಳ್ಳಿ, ಪರೀಕ್ಷೆಯಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆ. ಎಕ್ಸ್ ಎಂದರೆ ಆರ್ ಕಾಸ್ ಥೀಟಾ, ವೈ ಎಂದರೆ ಆರ್ ಸೈನ್ ಥೀಟಾ ಎಂದು ಕೊಟ್ಟಿರುತ್ತಾರೆ. ಎರಡನ್ನೂ ಒಮ್ಮೆ ಆರ್ ಹಿಡಿದು, ಒಮ್ಮೆ ಥೀಟಾ ಹಿಡಿದು ಡಿಫರೆನ್ಶಿಯೇಟ್ ಮಾಡಬೇಕು. ಒಂದನ್ನು ಹಿಡಿದಾಗ ಇನ್ನೊಂದು ಬರೀ ಸಂಖ್ಯೆ ಎಂದುಕೊಳ್ಳುವುದು, ಹೊಸ ಪಾಠ ಇಷ್ಟೇ. ಆರ್ ಹಿಡಿದಾಗ ಕಾಸ್ ಥೀಟಾ ಮತ್ತು ಸೈನ್ ಥೀಟಾ ಬರುತ್ತದೆ. ಥೀಟಾ ಹಿಡಿದಾಗ ಮೈನಸ್ ಆರ್ ಸೈನ್ ಥೀಟಾ ಮತ್ತು ಆರ್ ಕಾಸ್ ಥೀಟಾ. ನಾಲ್ಕನ್ನೂ ಡಿಟರ್ಮಿನೆಂಟ್‌ನಲ್ಲಿಟ್ಟು ಬಿಡಿಸಿದರೆ ಆರ್ ಕಾಸ್ ವರ್ಗ ಥೀಟಾ ಪ್ಲಸ್ ಆರ್ ಸೈನ್ ವರ್ಗ ಥೀಟಾ. ಕಾಸ್ ವರ್ಗ, ಸೈನ್ ವರ್ಗ ಕೂಡಿದರೆ 1. ಹಾಗಾಗಿ ಉತ್ತರ ಆರ್. ಇಲ್ಲಿ ಬೇಕಾದದ್ದು ಮೂರು ಸಂಗತಿ: ಸೈನ್-ಕಾಸ್‌ಗಳ ಡಿಫರೆನ್ಶಿಯೇಶನ್, ಎರಡು ಸಾಲಿನ ಡಿಟರ್ಮಿನೆಂಟ್, ಒಂದು ತ್ರಿಕೋನಮಿತಿ ಸೂತ್ರ. ಮೂರೂ ಪ್ಲಸ್ ಒನ್, ಪ್ಲಸ್ ಟು ಪುಸ್ತಕದಲ್ಲೇ ಇವೆ. ಮೈನಸ್ ಇಂಟು ಮೈನಸ್ ಪ್ಲಸ್ ಆಗುವ ಜಾಗದಲ್ಲಿ ಎಡವಿದ ಹುಡುಗ ಮನೆಗೆ ಬಂದು "ಇಂಜಿನಿಯರಿಂಗ್ ಮ್ಯಾಥ್ಸ್ ಕಷ್ಟ" ಎನ್ನುತ್ತಾನೆ. ಅವನಿಗೆ ಕಷ್ಟವಾದದ್ದು ಇಂಜಿನಿಯರಿಂಗಿನ ಗಣಿತವಲ್ಲ.

ಪೋಲಾರ್ ಕರ್ವ್ ಕೂಡಾ ಹಾಗೇ. ಆರ್ ಎಂದರೆ ಎ ಇಂಟು 1 ಪ್ಲಸ್ ಕಾಸ್ ಥೀಟಾ ಎಂಬ ಕಾರ್ಡಿಯಾಯ್ಡ್ ಲೆಕ್ಕದಲ್ಲಿ ಎರಡೇ ಸಾಲಿನಲ್ಲಿ ಡಿಫರೆನ್ಶಿಯೇಶನ್ ಮುಗಿಯುತ್ತದೆ. ಆಮೇಲೆ 1 ಪ್ಲಸ್ ಕಾಸ್ ಥೀಟಾ ಎನ್ನುವುದು 2 ಕಾಸ್ ವರ್ಗ ಅರ್ಧ ಥೀಟಾ ಎಂದು ಹೊಳೆಯದಿದ್ದರೆ ಲೆಕ್ಕ ಅಲ್ಲೇ ನಿಂತಿತು. ಇದು ಪ್ಲಸ್ ಒನ್ ಪುಸ್ತಕದ ಮೂರನೇ ಅಧ್ಯಾಯ. ಮಕ್ಕಳು ಅತಿ ಹೆಚ್ಚು ನಿರ್ಲಕ್ಷ್ಯ ಮಾಡುವುದು ಈ ಅಧ್ಯಾಯವನ್ನೇ, ಯಾಕೆಂದರೆ ಹತ್ತನೇ ಕ್ಲಾಸ್ ಮುಗಿಸಿ ಬಂದ ಮೊದಲ ತಿಂಗಳುಗಳಲ್ಲಿ ಅದು ಬಂದು ಹೋಗಿರುತ್ತದೆ.

ಆ ಮೊದಲ ತಿಂಗಳುಗಳಲ್ಲಿ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳ ಸ್ಥಿತಿ ಬೇರೆಯೇ. ಮನೆಯಲ್ಲಿ ಬ್ಯಾರಿ ಮಾತು, ಹತ್ತನೆಯವರೆಗೆ ಕನ್ನಡದಲ್ಲಿ ಗಣಿತ. ಪ್ಲಸ್ ಒನ್‌ಗೆ ಕಾಲಿಟ್ಟಾಗ ಪುಸ್ತಕ ಇಂಗ್ಲಿಷ್, ಎಷ್ಟೋ ಕಡೆ ಟೀಚರ್ ವಿವರಿಸುವುದು ಮಲಯಾಳದಲ್ಲಿ. ತ್ರಿಕೋನಮಿತಿ ಹೋಗಿ ಟ್ರಿಗ್ನಾಮೆಟ್ರಿ ಆಗುತ್ತದೆ, ಬಹುಪದ ಹೋಗಿ ಪಾಲಿನಾಮಿಯಲ್ ಆಗುತ್ತದೆ. ಗೊತ್ತಿದ್ದ ಲೆಕ್ಕವೇ ಗೊತ್ತಿಲ್ಲದ ಹೆಸರಿನಲ್ಲಿ ಎದುರಾದಾಗ ಮಗು ಹಿಂದಿನ ಬೆಂಚಿಗೆ ಸರಿಯುತ್ತದೆ. ಕನ್ನಡ ಮಾಧ್ಯಮ ಶಾಲೆಗಳಿಗೆ ಕನ್ನಡ ಬಾರದ ಶಿಕ್ಷಕರನ್ನು ನೇಮಿಸಿದ್ದರ ವಿರುದ್ಧ ಜಿಲ್ಲೆಯಲ್ಲಿ ಹಲವು ಬಾರಿ ಪ್ರತಿಭಟನೆ ಆಗಿದೆ. ಅದನ್ನು ಬರೀ ಭಾಷಾಭಿಮಾನದ ವಿಷಯ ಎಂದು ನೋಡಿದವರೇ ಹೆಚ್ಚು. ಪಾಠ ತಲೆಗೆ ಹೋಗದ ಮಗುವಿಗೆ ಅದರ ಬಿಲ್ಲು ಬರುವುದು ಮೂರು ವರ್ಷದ ನಂತರ, ಇಂಜಿನಿಯರಿಂಗ್ ಮೊದಲ ಸೆಮಿಸ್ಟರಿನಲ್ಲಿ.

ಇದರ ಮೇಲೆ ಪಠ್ಯದಲ್ಲಿ ಆದ ಕಡಿತ. ಕೋವಿಡ್ ನಂತರ ಎನ್‌ಸಿಇಆರ್‌ಟಿ ಹೊರೆ ಕಡಿಮೆ ಮಾಡುವ ಹೆಸರಿನಲ್ಲಿ ಹನ್ನೊಂದನೇ ತರಗತಿಯ ಗಣಿತವನ್ನು 16 ಅಧ್ಯಾಯದಿಂದ 14ಕ್ಕೆ ಇಳಿಸಿತು. ಹೋದವು ಎರಡು: ಗಣಿತೀಯ ಇಂಡಕ್ಷನ್ ಮತ್ತು ಗಣಿತೀಯ ತರ್ಕ. ಮೆಕ್ಯಾನಿಕಲ್‌ನವರಿಗೆ ಇದರಿಂದ ದೊಡ್ಡ ನಷ್ಟವಿಲ್ಲ. ಕಂಪ್ಯೂಟರ್ ಸೈನ್ಸ್‌ನವರಿಗೆ ಡಿಸ್ಕ್ರೀಟ್ ಗಣಿತದಲ್ಲಿ ಮೊದಲು ಬೇಕಾಗುವುದೇ ಇವೆರಡು. ಈಗ ಹತ್ತರಲ್ಲಿ ಎಂಟು ಮನೆಯವರು ಕೇಳುವುದು ಕಂಪ್ಯೂಟರ್ ಸೈನ್ಸ್, ಇಲ್ಲದಿದ್ದರೆ ಎಐ ಎಂದು ಹೆಸರು ಹಚ್ಚಿದ ಯಾವುದಾದರೂ ಬ್ರಾಂಚ್. ಎಐ ಎಂದರೆ ಒಳಗೆ ಮ್ಯಾಟ್ರಿಕ್ಸ್, ಪ್ರಾಬಬಿಲಿಟಿ ಮತ್ತು ಡಿಫರೆನ್ಶಿಯೇಶನ್ ಎಂದು ಕೌನ್ಸೆಲಿಂಗ್ ಮೇಜಿನಲ್ಲಿ ಯಾರೂ ಹೇಳುವುದಿಲ್ಲ.

2021ರ ಮಾರ್ಚ್‌ನಲ್ಲಿ ಎಐಸಿಟಿಇ ತನ್ನ ಕೈಪಿಡಿಯಲ್ಲಿ ಪ್ಲಸ್ ಟುಗೆ ಗಣಿತ, ಭೌತಶಾಸ್ತ್ರ ಕಡ್ಡಾಯವಲ್ಲ, ಪಟ್ಟಿಯಲ್ಲಿರುವ 14 ವಿಷಯಗಳಲ್ಲಿ ಯಾವುದಾದರೂ ಮೂರು ಸಾಕು ಎಂದಾಗ ದೇಶದಲ್ಲೆಲ್ಲ ಗುಲ್ಲೆದ್ದಿತು. ಗಣಿತ ಓದದೆ ಬಂದವರಿಗೆ ಕಾಲೇಜಿನಲ್ಲಿ ಬ್ರಿಡ್ಜ್ ಕೋರ್ಸ್ ಕೊಡಿ ಎಂಬುದು ಅವರ ಸಮಜಾಯಿಷಿ. ಮರುವರ್ಷ ಆ ಸಡಿಲಿಕೆ ಆರ್ಕಿಟೆಕ್ಚರ್, ಪ್ಯಾಕೇಜಿಂಗ್, ಫ್ಯಾಶನ್ ತಂತ್ರಜ್ಞಾನಕ್ಕೆ ಸೀಮಿತವಾಯಿತು. ಬ್ರಿಡ್ಜ್ ಕೋರ್ಸ್ ಎಂಬ ಯೋಚನೆ ಮಾತ್ರ ತಪ್ಪಾಗಿರಲಿಲ್ಲ. ಅದು ಗಣಿತ ಓದದವರಿಗೆ ಮಾತ್ರವಲ್ಲ, ಓದಿ ಪಾಸಾದವರಿಗೂ ಬೇಕು. ಎಐಸಿಟಿಇ ಹೇಳಿದ ಮೂರು ವಾರದ ಇಂಡಕ್ಷನ್ ಕಾರ್ಯಕ್ರಮ ಎಲ್ಲ ಕಾಲೇಜುಗಳಲ್ಲೂ ಇರಬೇಕು. ಅದರ ಗುರಿ ಹೊಸ ವಾತಾವರಣಕ್ಕೆ ಹೊಂದಿಕೊಳ್ಳುವುದು, ಮೌಲ್ಯ ಶಿಕ್ಷಣ, ಪರಿಚಯ. ಹಳೆ ಗಣಿತ ದುರಸ್ತಿ ಮಾಡುವಷ್ಟು ಪುರುಸೊತ್ತು ಅದರಲ್ಲಿ ಸಿಗುವುದು ಕಷ್ಟ. ಆಮೇಲೆ ಪಾಠ ಶುರುವಾದರೆ ಓಡುತ್ತದೆ, ವಾರಕ್ಕೊಂದು ಹೊಸ ವಿಷಯ.

ಹಾಗಾದರೆ 13 ವಾರದಲ್ಲಿ ಮಾಡುವುದು ಎಂತ? ಕೆಲವು ಉತ್ಸಾಹಿ ಮಕ್ಕಳು ಸೀದಾ ಗ್ರೆವಾಲ್ ಅವರ ದಪ್ಪ ಇಂಜಿನಿಯರಿಂಗ್ ಗಣಿತ ಪುಸ್ತಕ ಖರೀದಿಸಿ ಮೊದಲ ಪುಟದಿಂದ ಶುರು ಮಾಡುತ್ತಾರೆ. ಹತ್ತು ದಿನದಲ್ಲಿ ಅದು ಕಪಾಟು ಸೇರುತ್ತದೆ. ಮುಂದಿನ ಪಾಠ ಮೊದಲೇ ಕಲಿಯುವ ಅಗತ್ಯ ಇಲ್ಲ, ಅದನ್ನು ಕಾಲೇಜಿನಲ್ಲಿ ಹೇಗೂ ಕಲಿಸುತ್ತಾರೆ. ಯಾರೂ ಕಲಿಸದೆ ಬಿಡುವುದು ಹಿಂದಿನದನ್ನು.

ಪುಸ್ತಕಕ್ಕೆ ಖರ್ಚಿಲ್ಲ. ಕೇರಳದ ಪ್ಲಸ್ ಟು ಮತ್ತು ಕರ್ನಾಟಕದ ಪಿಯುಸಿ ಎರಡರಲ್ಲೂ ಗಣಿತಕ್ಕೆ ಎನ್‌ಸಿಇಆರ್‌ಟಿ ಪಠ್ಯವೇ, ಅದು ಇಂಟರ್ನೆಟ್‌ನಲ್ಲಿ ಉಚಿತ. ತಲಪಾಡಿಯ ಆಚೆ ಓದಿದವರೂ ಈಚೆ ಓದಿದವರೂ ಒಂದೇ ಪುಸ್ತಕ ಹಿಡಿದು ಕೂರಬಹುದು. ಮೊದಲ ಎರಡು ವಾರ ಕ್ಯಾಲ್ಕುಲೇಟರ್ ದೂರ ಇಟ್ಟು ಭಿನ್ನರಾಶಿ, ಘಾತ, ಲಾಗ್, ಅಪವರ್ತನ. ಡಿಗ್ರಿಗೆ ಹೋಗುವವನಿಗೆ ಭಿನ್ನರಾಶಿಯಾ ಎಂದು ನಾಚಿಕೆ ಪಡಬಾರದು, ಹೆಚ್ಚಿನ ಅಂಕ ಹೋಗುವುದು ಅಲ್ಲೇ. ಮೂರನೇ ವಾರದಿಂದ ತ್ರಿಕೋನಮಿತಿ, ಸೂತ್ರ ಬಾಯಿಪಾಠ ಮಾಡುವುದಲ್ಲ, ಒಂದರಿಂದ ಇನ್ನೊಂದನ್ನು ಕಾಗದದ ಮೇಲೆ ಹುಟ್ಟಿಸುವುದು. ಆಮೇಲೆ ಪ್ಲಸ್ ಒನ್‌ನ ಲಿಮಿಟ್ ಮತ್ತು ಡೆರಿವೇಟಿವ್. ಪ್ಲಸ್ ಟುವಿನಲ್ಲಿ ಮ್ಯಾಟ್ರಿಕ್ಸ್, ಡಿಟರ್ಮಿನೆಂಟ್, ಐದನೇ ಅಧ್ಯಾಯದ ಡಿಫರೆನ್ಶಿಯೇಶನ್, ಏಳನೇ ಅಧ್ಯಾಯದ ಇಂಟಿಗ್ರೇಶನ್, ಒಂಬತ್ತನೆಯ ಡಿಫರೆನ್ಶಿಯಲ್ ಸಮೀಕರಣ. ಅರ್ಧಕ್ಕಿಂತ ಹೆಚ್ಚು ಸಮಯ ಐದು ಮತ್ತು ಏಳಕ್ಕೇ ಕೊಡಬೇಕು. ಲೀನಿಯರ್ ಪ್ರೋಗ್ರಾಮಿಂಗ್, ಸೆಟ್‌ಗಳು ಸದ್ಯಕ್ಕೆ ಬಿಟ್ಟರೂ ನಡೆಯುತ್ತದೆ.

ಏಳನೇ ಅಧ್ಯಾಯದ ಪಾರ್ಶಿಯಲ್ ಫ್ರ್ಯಾಕ್ಷನ್ ಬಗ್ಗೆ ಒಂದು ಮಾತು. ಎಂಟ್ರೆನ್ಸ್ ಕೋಚಿಂಗಿನಲ್ಲಿ ಇದಕ್ಕೆ ಶಾರ್ಟ್‌ಕಟ್ ಹೇಳಿಕೊಟ್ಟು ಮುಗಿಸುತ್ತಾರೆ. ಮುಂದೆ ಲ್ಯಾಪ್ಲಾಸ್ ಟ್ರಾನ್ಸ್‌ಫಾರ್ಮ್ ಬಂದಾಗ ಇಡೀ ಲೆಕ್ಕ ಇದರ ಮೇಲೆಯೇ ನಿಲ್ಲುತ್ತದೆ. ಕೆಟಿಯುವಿನ ಆ 2019ರ ಕ್ರಮದಲ್ಲಿ ಅದು ಎರಡನೇ ಪತ್ರಿಕೆಗೇ ಬಂದಿತ್ತು. ಎಲೆಕ್ಟ್ರಿಕಲ್, ಎಲೆಕ್ಟ್ರಾನಿಕ್ಸ್ ಓದುವವರನ್ನು ಅದು ನಾಲ್ಕು ವರ್ಷವೂ ಬಿಡುವುದಿಲ್ಲ.

ತಯಾರಿ ಸಾಕೋ ಎಂದು ನೋಡಲು ದೊಡ್ಡ ಪರೀಕ್ಷೆ ಬೇಡ. ಪುಸ್ತಕ ಮುಚ್ಚಿ, ಬಿಳಿ ಕಾಗದದಲ್ಲಿ ಎರಡು ಲೆಕ್ಕ. ಒಂದು, ಎಕ್ಸ್ ಇಂಟು ಸೈನ್ ಎಕ್ಸ್ ವರ್ಗ ಎಂಬುದರ ಡೆರಿವೇಟಿವ್. ಇದಕ್ಕೆ ಪ್ರಾಡಕ್ಟ್ ರೂಲ್, ಚೈನ್ ರೂಲ್ ಎರಡೂ ಒಟ್ಟಿಗೆ ಬೇಕು. ಇನ್ನೊಂದು, ಮೇಲೆ 1, ಕೆಳಗೆ ಎಕ್ಸ್ ವರ್ಗ ಪ್ಲಸ್ 4 ಎಕ್ಸ್ ಪ್ಲಸ್ 13 ಇರುವುದರ ಇಂಟಿಗ್ರಲ್. ಕೆಳಗಿನದನ್ನು ಎಕ್ಸ್ ಪ್ಲಸ್ 2 ರ ವರ್ಗ ಪ್ಲಸ್ 9 ಎಂದು ಬರೆಯಲು ತೋಚಬೇಕು, ಅಲ್ಲಿಂದ ಮುಂದೆ ಸೂತ್ರ. ಹದಿನೈದು ನಿಮಿಷದಲ್ಲಿ ಎರಡನ್ನೂ ಯಾರ ಸಹಾಯವೂ ಇಲ್ಲದೆ ಹೆಜ್ಜೆ ಬರೆದು ಮುಗಿಸಿದವರು ಧೈರ್ಯವಾಗಿ ಕ್ಲಾಸಿಗೆ ಹೋಗಬಹುದು. ಯೂಟ್ಯೂಬ್ ನೋಡುತ್ತಾ "ಹೌದು, ಅರ್ಥ ಆಯ್ತು" ಎನ್ನುವುದು ಬೇರೆ, ಕೈಯಲ್ಲಿ ಪೆನ್ ಹಿಡಿದು ಮಾಡುವುದು ಬೇರೆ. ಎನ್‌ಪಿಟಿಇಎಲ್, ಸ್ವಯಂನಲ್ಲಿ ಒಳ್ಳೆಯ ಪಾಠಗಳು ಉಚಿತವಾಗಿ ಉಂಟು, ಆದರೆ ನೋಡಿದ ಪ್ರತಿ ಗಂಟೆಗೆ ಎರಡು ಗಂಟೆ ಬರೆಯದಿದ್ದರೆ ಅದು ಸಿನಿಮಾ ನೋಡಿದ ಹಾಗೆ.

ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಸೇರುವವರಿಗೆ ಸಮಸ್ಯೆ ಇನ್ನೂ ಗಟ್ಟಿ. ಅವರು ಪ್ಲಸ್ ಟು ಗಣಿತವನ್ನೂ ಪೂರ್ತಿ ನೋಡಿಲ್ಲ, ಮೊದಲ ವರ್ಷದ ಇಂಜಿನಿಯರಿಂಗ್ ಗಣಿತವನ್ನೂ ನೋಡಿಲ್ಲ. ವಿಟಿಯು ತನ್ನ 2018ರ ಕ್ರಮದಲ್ಲಿ ಇವರಿಗಾಗಿಯೇ ಮೂರು ಮತ್ತು ನಾಲ್ಕನೇ ಸೆಮಿಸ್ಟರಿನಲ್ಲಿ ಹೆಚ್ಚುವರಿ ಗಣಿತ ಎಂಬ ಎರಡು ಪತ್ರಿಕೆ ಇಟ್ಟಿತ್ತು. ಮಾಮೂಲಿ ಪತ್ರಿಕೆಗಳ ಜೊತೆಗೆ ಅದೂ ಒಂದು ಹೊರೆ. ಕದ್ರಿಯ ಕೆಪಿಟಿಯಲ್ಲೋ ಬೇರೆ ಪಾಲಿಟೆಕ್ನಿಕ್‌ನಲ್ಲೋ ಕೊನೆಯ ಸೆಮಿಸ್ಟರಿನಲ್ಲಿರುವ ಹುಡುಗರು ಪ್ರಾಜೆಕ್ಟ್ ಮುಗಿದ ಕೂಡಲೇ ಗಣಿತಕ್ಕೆ ಕೂರಬೇಕಾದ್ದು ಇದಕ್ಕೇ.

ಬಾಕಿ ಉಳಿದರೆ ಆಗುವುದೇನು? ಹುಡುಗನಾದರೆ ಒಂದೆರಡು ವರ್ಷ ಸಪ್ಲಿ ಬರೆದು, ಆಮೇಲೆ ಯಾರದೋ ವೀಸಾದಲ್ಲಿ ವಿಮಾನ ಹತ್ತುತ್ತಾನೆ. ಗಲ್ಫ್‌ನಲ್ಲಿ ಇಂಜಿನಿಯರ್ ಹುದ್ದೆಗೆ ಬೇಕಾದದ್ದು ದೃಢೀಕರಿಸಿದ ಪದವಿ ಪ್ರಮಾಣಪತ್ರ, ಸೆಮಿಸ್ಟರ್ ಅಂಕಪಟ್ಟಿಗಳ ಕಟ್ಟು ಅಲ್ಲ. ನಾಲ್ಕು ವರ್ಷದ ಫೀಸು ಕಟ್ಟಿ ಕೊನೆಗೆ ಪ್ಲಸ್ ಟು ಪಾಸಾದವನ ಸಂಬಳ. ಹುಡುಗಿಯಾದರೆ ಎರಡನೇ ಬಾರಿ ಫೇಲಾದ ವಾರವೇ ಮನೆಯಲ್ಲಿ ಸಂಬಂಧದ ಮಾತು ಏಳುತ್ತದೆ. "ಓದಿದ್ದು ಸಾಕು" ಎಂದು ಹೇಳಲು ಕಾಯುತ್ತಿದ್ದ ನೆಂಟರಿಗೆ ಒಂದು ಗಣಿತ ಪತ್ರಿಕೆ ಒಳ್ಳೆಯ ಕಾರಣವಾಗುತ್ತದೆ. ಈಗ ಸಮುದಾಯದ ಹೆಣ್ಣುಮಕ್ಕಳು ಇಂಜಿನಿಯರಿಂಗ್‌ಗೆ ಬರುತ್ತಿರುವುದನ್ನು ಹೆಮ್ಮೆಯಿಂದ ಹೇಳುವವರು ಈ ಜಾಗವನ್ನು ಗಮನಿಸಬೇಕು.

ಪ್ರತಿ ಜೂನ್‌ನಲ್ಲಿ ಊರೂರಲ್ಲಿ ಪ್ರತಿಭಾ ಪುರಸ್ಕಾರ ನಡೆಯುತ್ತದೆ. ಫುಲ್ ಎ ಪ್ಲಸ್ ಬಂದ ಮಕ್ಕಳಿಗೆ ಶಾಲು, ಮೊಮೆಂಟೊ, ವೇದಿಕೆಯಲ್ಲಿ ಇಪ್ಪತ್ತು ಜನ ಗಣ್ಯರು, ಕರಿಯರ್ ಗೈಡೆನ್ಸ್ ಹೆಸರಿನಲ್ಲಿ ಒಂದು ಗಂಟೆ ಭಾಷಣ. ತಪ್ಪಲ್ಲ, ಮಕ್ಕಳಿಗೆ ಖುಷಿಯಾಗುತ್ತದೆ. ಆದರೆ ಅದೇ ಜಮಾಅತ್, ಅದೇ ಗಲ್ಫ್ ಕಮಿಟಿ, ಅದೇ ಯುವಕ ಸಂಘ ಆ ಒಂದು ದಿನದ ಖರ್ಚಿನಲ್ಲಿ 13 ವಾರದ ಗಣಿತ ಕ್ಲಾಸ್ ನಡೆಸಬಹುದು. ಬೇಕಾದದ್ದು ಒಂದು ಕೋಣೆ, ಒಂದು ಬೋರ್ಡು, ವಾರಕ್ಕೆ ಮೂರು ಸಂಜೆ. ಮದ್ರಸ ಕಟ್ಟಡಗಳು ಸಂಜೆ ಹೆಚ್ಚಿನ ಕಡೆ ಖಾಲಿ ಇರುತ್ತವೆ. ಹೆಣ್ಣುಮಕ್ಕಳಿಗೆ ಬಂದು ಹೋಗಲು ಊರೊಳಗಿನ ಜಾಗವೇ ಅನುಕೂಲ, ಕೋಚಿಂಗಿಗೆಂದು ರೈಲು ಹತ್ತಿ ಮಂಗಳೂರಿಗೆ ಹೋಗಬೇಕಾಗಿಲ್ಲ.

ಕಲಿಸಲು ದೊಡ್ಡ ಪ್ರೊಫೆಸರ್ ಬೇಕೆಂದಿಲ್ಲ. ಊರಿನಲ್ಲೇ ಇಂಜಿನಿಯರಿಂಗ್ ಮೂರನೇ ವರ್ಷದಲ್ಲಿರುವ ಹುಡುಗ, ಗಣಿತದಲ್ಲಿ ಬಿಎಸ್ಸಿ ಮಾಡಿ ಬಿಎಡ್‌ಗೆ ಕಾಯುತ್ತಿರುವ ಹುಡುಗಿ ಸಾಕು. ಬ್ಯಾರಿಯಲ್ಲಿ ಕೇಳಿದರೆ ಬ್ಯಾರಿಯಲ್ಲಿ, ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲಿ ಹೇಳುವವರು, ಇಂಗ್ಲಿಷ್ ಹೆಸರಿನ ಹಿಂದೆ ಇರುವುದು ಹತ್ತನೇ ಕ್ಲಾಸಿನ ಅದೇ ಲೆಕ್ಕ ಎಂದು ತೋರಿಸುವವರು. ಅವರಿಗೆ ತಿಂಗಳಿಗೆ ಒಂದಿಷ್ಟು ಗೌರವಧನ ಕೊಡಬೇಕು, ಪುಕ್ಕಟೆ ಸೇವೆ ಎರಡನೇ ತಿಂಗಳಿಗೆ ನಿಲ್ಲುತ್ತದೆ. ಹೆಸರು ಬರೆದುಕೊಳ್ಳುವ ಕೆಲಸ ಏಪ್ರಿಲ್ ಕೊನೆಯ ವಾರದಲ್ಲೇ ಆಗಬೇಕು. ಫಲಿತಾಂಶ ಬರಲಿ, ಅಲಾಟ್‌ಮೆಂಟ್ ಬರಲಿ ಎಂದು ಕಾದರೆ ಜುಲೈ ಬಂದಿರುತ್ತದೆ, ಆಗ ಮಕ್ಕಳು ಹಾಸ್ಟೆಲ್ ಹುಡುಕುವುದರಲ್ಲಿ ಇರುತ್ತಾರೆ.